ಜಾತಿಯೋ ವ್ಯಕ್ತಿಯೋ

ದೌಂಡದ ಸೀಮೆಯಲ್ಲಿ ಭೀಮೆಯನ್ನು ಕೂಡಿ ನಮ್ಮ ಕಲಬುರಗಿಯ ಕಡೆಗೆ ಹರಿದುಬರುವ ಮುಳಾ-ಮುಠೆಯ ತೀರದ ಪುಣೆಯಲ್ಲಿ, ಪೇಶ್ವೆ ಸವಾಯಿ ಮಾಧವರಾಯನ ಮೃಗಶಾಲೆಯ ಖಡ್ಗಮೃಗವೊಂದನ್ನು 1790ರಲ್ಲಿ ಗಂಗಾರಾಮ ತಾಂಬಟನೆಂಬ ಚಿತ್ರಕಾರನು ಬರೆದನು. ಬ್ರಿಟಿಷ್ ರೆಸಿಡೆಂಟ್ ಚಾರ್ಲ್ಸ್ ಮ್ಯಾಲೆಟ್ಟನ ಆಶ್ರಯದಲ್ಲಿ ದುಡಿದ ಈತನ ಆ ಚಿತ್ರವು ಇಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಲಾಸಂಗ್ರಹದಲ್ಲಿದೆ. ಪೇಶ್ವೆಯ ಮೃಗಗಳಿಗಿಂತ ಕಾಗದದ ಆಯುಸ್ಸೇ ದೀರ್ಘವಾಯಿತು!

ಆತನು ಬರೆದದ್ದು ಕಣ್ಣೆದುರಿನ ಆ ಒಂದು ಪ್ರಾಣಿಯನ್ನೋ, ಖಡ್ಗಮೃಗವೆಂಬ ಜಾತಿಯನ್ನೋ?

ಪದಗಳ ವಿಷಯದಲ್ಲಿ ನಮ್ಮ ತಾರ್ಕಿಕರು ಕೇಳಿದ್ದೂ ಇದೇ ಪ್ರಶ್ನೆಯನ್ನು: ಪದಕ್ಕೆ ವ್ಯಕ್ತಿ, ಆಕೃತಿ, ಜಾತಿ ಮೂರೂ ಅರ್ಥವೆಂದು ಗೌತಮನ ನ್ಯಾಯಸೂತ್ರಗಳು ನಿರ್ಣಯಿಸಿದರೆ, ಜಾತಿಯೆಂಬುದು ಬುದ್ಧಿಯ ಕಲ್ಪನೆಯೇ ಹೊರತು ವಸ್ತುಸತ್ಯವಲ್ಲವೆಂದು ಬೌದ್ಧ ತಾರ್ಕಿಕನಾದ ದಿಙ್ನಾಗನು ಪ್ರತಿಪಾದಿಸಿದನು. ಪ್ರಾಣಿಶಾಸ್ತ್ರದ ಚಿತ್ರಕಾರನ ಕುಂಚವು ಈ ಎರಡು ಮತಗಳ ನಡುವೆಯೇ ಚಲಿಸುವುದು: ಶಾಸ್ತ್ರಕ್ಕಾಗಿ ಬರೆಯುವಾಗ ಸವೆದ ಕೊಂಬು, ಹಳೆಯ ಗಾಯದ ಕಲೆ ಮೊದಲಾದುವನ್ನು ಆಕಸ್ಮಿಕಗಳೆಂದು ತೊರೆದು ಸಾಮಾನ್ಯ ಲಕ್ಷಣಗಳನ್ನಷ್ಟೇ ಉಳಿಸಬೇಕು, ಆದರೆ ಹಾಗೆ ಉಳಿದ ಮೃಗವನ್ನು ಯಾವ ಅರಣ್ಯದಲ್ಲಿಯೂ ಕಂಡವರಿಲ್ಲ. ನನ್ನ ಒಲವು ದಿಙ್ನಾಗನ ಕಡೆಗೇ. ಆದರೂ ಜಾತಿಯು ವ್ಯಕ್ತಿಗಳಲ್ಲಿಯೇ ಸಮವೇತವಾಗಿ, ಎಂದರೆ ಬೇರ್ಪಡಿಸಲಾಗದಂತೆ ನೆಲೆಸಿ, ಅವನ್ನು ನೋಡುವಾಗಲೇ ಗೋಚರಿಸುವುದೆಂಬ ನೈಯಾಯಿಕರ ವಾದವನ್ನು, ಮೃಗದೆದುರು ಕುಳಿತು ಅದರ ಚರ್ಮದ ಮಡಿಕೆಗಳನ್ನು ಒಂದೊಂದಾಗಿ ಬರೆಯುವವನು ಸುಲಭವಾಗಿ ತಳ್ಳಿಹಾಕಲಾರನು.