ಒಗಟು ಕಟ್ಟುವವರ ಋಣ

ಒಗಟು ಹೇಳುವವರಿಗೆ ಉತ್ತರ ಗೊತ್ತಿರುತ್ತದೆ, ಬಿಡಿಸುವವರಿಗೆ ಗೊತ್ತಿರುವುದಿಲ್ಲ. ಗೊತ್ತಿದ್ದೂ ಹೇಳದಿರುವುದಕ್ಕೆ ಉಳಿದ ಕಡೆಯೆಲ್ಲ ನಾವು ಬೇರೆ ಹೆಸರಿಡುತ್ತೇವೆ. ಸಂತೆಯಲ್ಲಿ ಎಮ್ಮೆ ಮಾರುವವನು ಅದರ ಒದೆಯುವ ಚಾಳಿಯನ್ನು ಮುಚ್ಚಿಟ್ಟರೆ ಅದು ಮೋಸ. ಹೆಣ್ಣು ನೋಡಲು ಬಂದವರು ಹುಡುಗನ ಕುಡಿತದ ಮಾತೆತ್ತದೆ ಉಪ್ಪಿಟ್ಟು ತಿಂದು ಹೋದರೆ ಅದು ಮಹಾ ಮೋಸ. ಒಗಟಿನಲ್ಲಿ ಮಾತ್ರ ಮುಚ್ಚಿಡುವುದೇ ಆಟ, ಮುಚ್ಚಿಟ್ಟದ್ದು ಚೆನ್ನಾಗಿದ್ದಷ್ಟೂ ಹೊಗಳಿಕೆ. ಹಾಗಾದರೆ ಇಲ್ಲಿ ನ್ಯಾಯ ಅನ್ಯಾಯ ಎಂಬುದೇ ಇಲ್ಲವೇ? ಇದೆ ಎಂದು ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಶಾಲೆಯ ಪಡಸಾಲೆಯ ಮೇಲೆ ಸೀಮೆಸುಣ್ಣದಿಂದ ಚೌಕ ಬರೆಯುತ್ತ ಕೂತಾಗ.

2023ರಲ್ಲಿ ಸರಕಾರಿ ಶಾಲೆಗಳಲ್ಲಿ ಕಲಿಕಾ ಹಬ್ಬ ನಡೆದ ಮೇಲೆ ಕೂಡ್ಲಿಗಿ, ಕೊಟ್ಟೂರು ಕಡೆಯ ನಾವು ನಾಲ್ಕೈದು ಮಂದಿ ಶಿಕ್ಷಕಿಯರಿಗೆ ಒಂದು ಹುಚ್ಚು ಹಿಡಿಯಿತು. ಮಕ್ಕಳೂ ಅವರ ತಾಯಂದಿರೂ ಜೋಡಿಯಾಗಿ ಕೂತು ಬಿಡಿಸುವ ಆಟಗಳ ಸ್ಪರ್ಧೆಯೊಂದನ್ನು ಮಾಡಬೇಕು, ಅದರಲ್ಲಿ ಓದು ಬರಹ ಬೇಕಾಗಬಾರದು, ಆಟಗಳನ್ನು ನಾವೇ ಕಟ್ಟಬೇಕು. ಹುಲಿ-ಕುರಿ, ಚೌಕಾಬಾರ ಎಲ್ಲರಿಗೂ ಗೊತ್ತು. ಹಂಪಿಯ ಮಂಟಪಗಳ ಹಾಸುಗಲ್ಲಿನ ಮೇಲೂ ಇಂಥ ಮನೆಗಳನ್ನು ಕೊರೆದಿರುವುದನ್ನು ಮಕ್ಕಳೊಂದಿಗೆ ಪ್ರವಾಸ ಹೋದಾಗೆಲ್ಲ ನೋಡುತ್ತೇವೆ. ನನಗೆ ಬೇಕಾದದ್ದು ಒಬ್ಬರೇ ಕೂತು ಆಡುವಂಥದ್ದು. ಅಕ್ಕನ ಮಗ ಮೊಬೈಲಿನಲ್ಲಿ ಒಂದು ಆಟ ತೋರಿಸಿದ. ಸೊಕೊಬಾನ್ ಎಂದು ಹೆಸರು, ಜಪಾನಿ ಭಾಷೆಯಲ್ಲಿ ಉಗ್ರಾಣ ಕಾಯುವವ ಎಂದರ್ಥವಂತೆ. ಹಿರೊಯುಕಿ ಇಮಾಬಾಯಾಶಿ ಎಂಬುವರು 1980ರ ದಶಕದ ಆರಂಭದಲ್ಲಿ ಮಾಡಿದ್ದು. ಉಗ್ರಾಣದೊಳಗೆ ಪೆಟ್ಟಿಗೆಗಳಿವೆ, ಅವನ್ನು ಗುರುತು ಹಾಕಿದ ಜಾಗಕ್ಕೆ ಸೇರಿಸಬೇಕು. ನೂಕಬಹುದು, ಎಳೆಯುವಂತಿಲ್ಲ. ಒಂದು ಸಲಕ್ಕೆ ಒಂದೇ ಪೆಟ್ಟಿಗೆ. ನಿಯಮ ಇಷ್ಟೇ. ಜಗತ್ತಿನ ಎಷ್ಟೋ ಮಂದಿ ಇದಕ್ಕೆ ತಮ್ಮದೇ ನಕ್ಷೆಗಳನ್ನು ಕಟ್ಟಿ ಒಬ್ಬರಿಗೊಬ್ಬರು ಕೊಟ್ಟುಕೊಂಡು ಆಡುತ್ತಾರೆ. ನಾನು ಪೆಟ್ಟಿಗೆಗೆ ಬೆಂಕಿಪೊಟ್ಟಣ, ಕಾವಲುಗಾರನಿಗೆ ಹುಣಸೆಬೀಜ ಇಟ್ಟು, ಪಡಸಾಲೆಯ ಮೇಲೆ ಎಂಟು ಉಗ್ರಾಣ ಬರೆದೆ. ಹುಣಸೆಬೀಜಕ್ಕೆ ಕೂಡ್ಲಿಗಿ ಸೀಮೆಯಲ್ಲಿ ಬರವೇ?

ಈ ಆಟದಲ್ಲಿ ಒಂದು ಕ್ರೂರವಿದೆ. ಪೆಟ್ಟಿಗೆಯನ್ನು ಮೂಲೆಗೆ ನೂಕಿದರೆ ಅದು ಅಲ್ಲಿಗೇ ಸತ್ತಂತೆ, ಮತ್ತೆ ಈಚೆ ಬರುವುದಿಲ್ಲ. ಆದರೆ ಆಡುವವರಿಗೆ ಅದು ಆಗಲೇ ತಿಳಿಯಬೇಕೆಂದಿಲ್ಲ. ಮೂರನೆಯ ನಡೆಯಲ್ಲಿ ಕೆಟ್ಟದ್ದು ಮೂವತ್ತನೆಯ ನಡೆಯಲ್ಲಿ ಗೊತ್ತಾಗುತ್ತದೆ. ನಡುವಿನದೆಲ್ಲ ವ್ಯರ್ಥ ದುಡಿಮೆ. ಸ್ಪರ್ಧೆಗೆ ಬಂದ ತಾಯಿಯೊಬ್ಬಳು ನಾಲ್ಕು ಸಲ ಮೂಲೆಗೆ ಸಿಕ್ಕಿಕೊಂಡು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ಟೀಚರಮ್ಮಾ, ಇದು ನಮ್ಮ ಲಗ್ನ ಇದ್ದಂಗ ಐತಿ ನೋಡ್ರಿ. ನೂಕಿದ ಮ್ಯಾಲ ಎಳಕೊಳ್ಳಾಕ ಬರಂಗಿಲ್ಲ" ಎಂದಳು. ಸುತ್ತ ಕೂತ ಹೆಂಗಸರೆಲ್ಲ ನಕ್ಕರು. ನಕ್ಕವರಲ್ಲಿ ಇಬ್ಬರು ಎಂಟನೆಯ ತರಗತಿಯಲ್ಲಿ ಶಾಲೆ ಬಿಡಿಸಿಕೊಂಡು ಹೋದ ನನ್ನ ಹಳೆಯ ವಿದ್ಯಾರ್ಥಿನಿಯರೇ.

ಮೂಲೆಯ ಈ ಕ್ರೂರವನ್ನು ಕಟ್ಟುವವರು ಎಷ್ಟು ಬಳಸಬಹುದು? ನನ್ನ ತೀರ್ಮಾನ ಹೀಗೆ: ಕೂತು ಯೋಚಿಸಿದರೆ ಮುಂಚೆಯೇ ಕಾಣುವಂಥ ಬಲೆಯಾದರೆ ಇಡಬಹುದು. ಬಿದ್ದ ಮೇಲೆ ಮಾತ್ರ ತಿಳಿಯುವಂಥದ್ದಾದರೆ ಇಡಬಾರದು. ಮೊದಲನೆಯದು ಬುದ್ಧಿಗೆ ಕೊಟ್ಟ ಮರ್ಯಾದೆ, ಎರಡನೆಯದು ಅಣಕ. ಸೊಕೊಬಾನಿನಲ್ಲಿ ಎಲ್ಲವೂ ಕಣ್ಣ ಮುಂದೆಯೇ ಇರುತ್ತದೆ, ಕದ್ದಿಟ್ಟದ್ದು ಏನೂ ಇಲ್ಲ, ಆದ್ದರಿಂದ ಅಲ್ಲಿ ಮೋಸವೇ ಸಾಧ್ಯವಿಲ್ಲ ಎಂದು ಗಣಿತದ ಮೇಷ್ಟ್ರೊಬ್ಬರು ವಾದಿಸಿದರು. ಕಣ್ಣ ಮುಂದಿರುವುದೆಲ್ಲ ಕಾಣುವಂತಿದ್ದರೆ ನಮಗೆ ಇಷ್ಟು ಕಷ್ಟವೇಕೆ ಬರುತ್ತಿತ್ತು? ಈ ಬಗೆಯ ಆಟವನ್ನು ಬಿಡಿಸುವುದು ಕಂಪ್ಯೂಟರಿಗೂ ಬಹಳ ಕಠಿಣವಾದ ಲೆಕ್ಕಗಳ ಗುಂಪಿಗೆ ಸೇರಿದ್ದೆಂದು ಕೆನಡಾದ ಜೋಸೆಫ್ ಕಲ್ಬರ್ಸನ್ 1997ರಲ್ಲೇ ತೋರಿಸಿದ್ದಾರೆ. ಹೊಲದಿಂದ ನೇರ ಬಂದು ಕೂತ ಹೆಂಗಸಿಗೆ "ಎಲ್ಲ ಕಣ್ಮುಂದೆ ಐತಲ್ಲ" ಎನ್ನುವುದು ನ್ಯಾಯದ ಮಾತಲ್ಲ.

ಇನ್ನು ಕಟ್ಟಿದ್ದು ಸುಲಭವೋ ಕಷ್ಟವೋ ಎಂದು ಅಳೆಯುವ ಪ್ರಶ್ನೆ. ಉತ್ತರ ಗೊತ್ತಿರುವವರಿಗೆ ಅದು ಯಾವತ್ತೂ ಸುಲಭವೇ. ಪ್ರಶ್ನೆಪತ್ರಿಕೆ ತೆಗೆಯುವ ನಮ್ಮ ಇಡೀ ಕುಲಕ್ಕೆ ಅಂಟಿದ ರೋಗ ಇದು. ಬೇರೆಯವರ ಕೈಯಲ್ಲಿ ಆಡಿಸಿ ನೋಡಲೇಬೇಕು. ಯಾರ ಕೈಯಲ್ಲಿ? ಜೊತೆಯ ಶಿಕ್ಷಕಿ ಆರನೆಯ ತರಗತಿಯ ಒಂದು ಹುಡುಗಿಯ ಹೆಸರು ಹೇಳಿ, "ಆಕಿಗೆ ಬಂತು ಅಂದ್ರ ಎಲ್ಲಾರಿಗೂ ಬರ್ತದ್ರಿ, ಆಕಿನ್ನ ಕರೀರಿ" ಎಂದರು. ಕೆಟ್ಟ ಮನಸ್ಸಿನಿಂದಲ್ಲ, ಅನುಕೂಲಕ್ಕೆ. ನನಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಒಂದು ಮಗುವನ್ನು ದಡ್ಡತನದ ಅಳತೆಗೋಲು ಮಾಡುವುದೆಂದರೆ ಏನು? ಅವಳು ಸೋತರೆ ನಮ್ಮ ನಕ್ಷೆಗೆ ಲಾಭ, ಗೆದ್ದರೆ ನಮ್ಮ ನಕ್ಷೆಗೆ ಅವಮಾನ. ಎರಡರಲ್ಲೂ ಅವಳಿಗೇನೂ ಇಲ್ಲ.

ಆದರೂ ಅವಳನ್ನು ಕರೆದೆವು, ಅವಳೊಂದಿಗೆ ಇನ್ನೂ ಏಳು ಮಕ್ಕಳನ್ನು ಕರೆದೆವು. ಹೇಳಿದ್ದು ಮಾತ್ರ ಬೇರೆ: "ಇವತ್ತು ಪರೀಕ್ಷೆ ನಿಮಗಲ್ಲ, ಈ ನಕ್ಷೆಗಳಿಗೆ. ಎಲ್ಲಿ ಬೇಜಾರಾಯಿತು, ಎಲ್ಲಿ ಸಿಟ್ಟು ಬಂತು, ಎಲ್ಲಿ ಮೋಸ ಅನ್ನಿಸಿತು ಹೇಳಬೇಕು." ಮಕ್ಕಳು ಮೊದಲು ನಂಬಲಿಲ್ಲ. ನಂಬಿದ ಮೇಲೆ ಯಾರನ್ನೂ ಬಿಡಲಿಲ್ಲ! ಎರಡನೆಯ ನಕ್ಷೆ ಬರೀ ಉದ್ದ, ಬುದ್ಧಿ ಬೇಡ ಎಂದರು. ಐದನೆಯದರಲ್ಲಿ ಬಾಗಿಲು ಎಲ್ಲಿದೆ ಎಂದೇ ತಿಳಿಯುವುದಿಲ್ಲ ಎಂದರು. ತರಗತಿಯಲ್ಲಿ ಹೆಸರು ಕೂಗಿದರೂ ಬಾಯಿ ಬಿಡದ ಆ ಹುಡುಗಿ ಏಳನೆಯ ನಕ್ಷೆಯ ಮುಂದೆ ಬಹಳ ಹೊತ್ತು ಕೂತಿದ್ದಳು. ಅದು ನನ್ನ ಹೆಮ್ಮೆಯ ನಕ್ಷೆ. 41 ನಡೆ, ಬಾಗಿಲ ಪಕ್ಕದ ಪೆಟ್ಟಿಗೆಯನ್ನೇ ಮೊದಲು ತೆಗೆಯಬೇಕು. ಅವಳು ಆ ಪೆಟ್ಟಿಗೆಯ ಗೊಡವೆಗೇ ಹೋಗದೆ, ಹಿಂದಿನಿಂದ ಸುತ್ತು ಹಾಕಿ, 23 ನಡೆಗಳಲ್ಲಿ ಮುಗಿಸಿ, ನನ್ನ ಮುಖ ನೋಡಿದಳು. ಆ ನೋಟದಲ್ಲಿ ಗೆದ್ದ ಸಂತೋಷವಿರಲಿಲ್ಲ, ಬೈಸಿಕೊಳ್ಳುತ್ತೇನೋ ಎಂಬ ಭಯವಿತ್ತು.

ಆ ಭಯ ಎಲ್ಲಿಂದ ಬಂತು ಎಂದು ಹುಡುಕಬೇಕಾಗಿಲ್ಲ. ಉತ್ತರಕ್ಕೆ ಒಂದೇ ದಾರಿ, ಆ ದಾರಿ ಟೀಚರ ಹತ್ತಿರ ಇರುತ್ತದೆ ಎಂದು ನಾವೇ ಅಲ್ಲವೇ ಕಲಿಸುವುದು? ಚದುರಂಗದ ಸಮಸ್ಯೆ ಕಟ್ಟುವವರಲ್ಲಂತೂ ಎರಡನೆಯ ಉತ್ತರವಿದ್ದರೆ ಸಮಸ್ಯೆಯೇ ಕೆಟ್ಟಿತು ಎಂಬ ನಿಯಮವಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಲವಾರು ಹಾಸಂಗಿಗಳನ್ನು ಕಲ್ಪಿಸಿದವರು. ಕುದುರೆ ಚದುರಂಗದ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ನಡೆಗಳನ್ನೂ ಕಟ್ಟಿದರು. ಕುದುರೆಯ ಆ ಲೆಕ್ಕಕ್ಕೆ ಉತ್ತರ ಒಂದಲ್ಲ, ಎಣಿಸಲಾಗದಷ್ಟು. ಒಂದು ಸಿಕ್ಕಿದ ಮೇಲೆ ಇನ್ನೊಂದನ್ನು ಹುಡುಕುವ ಆಸೆಯೇ ಅಲ್ಲಿಯ ಸೊಗಸು.

ಇದೆಲ್ಲ ಬರೀ ಆಟದ ಮಾತಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಬೇರೊಂದು ಊರಿನ ಸ್ಪರ್ಧೆಗೆ, ಊರಿನ ಹೆಸರು ಬೇಡ, ನೋಡಲು ಹೋಗಿದ್ದೆ. ಹುಲಿ, ಆಡು, ಹುಲ್ಲಿನ ಹೊರೆಯ ಹಳೆಯ ಲೆಕ್ಕ ಕೊಟ್ಟಿದ್ದರು. ಹರಿಗೋಲಿನಲ್ಲಿ ಅಂಬಿಗನ ಜೊತೆ ಒಂದನ್ನೇ ಒಯ್ಯಬಹುದು. ಬಿಟ್ಟು ಹೋದರೆ ಹುಲಿ ಆಡನ್ನು, ಆಡು ಹುಲ್ಲನ್ನು ತಿನ್ನುತ್ತದೆ. ಯುರೋಪಿನಲ್ಲಿ ಇದೇ ಲೆಕ್ಕ ತೋಳ, ಆಡು, ಎಲೆಕೋಸು ಎಂದು ಸಾವಿರ ವರ್ಷಕ್ಕೂ ಹಿಂದಿನಿಂದ ಇದೆ. ಹಡಗಲಿ ಕಡೆಯ ತುಂಗಭದ್ರೆಯ ದಂಡೆಯಿಂದ ಆ ಊರಿಗೆ ಸೊಸೆಯಾಗಿ ಬಂದಿದ್ದ ಹೆಂಗಸೊಬ್ಬಳು ಎದ್ದು ನಿಂತು ಹೇಳಿದಳು: ಮೊದಲು ಆಡು ಒಯ್ಯಬೇಕು, ಆಮೇಲೆ ಹುಲ್ಲು ಒಯ್ದು ಆಡನ್ನು ವಾಪಸು ತರಬೇಕು, ಆಡನ್ನು ಬಿಟ್ಟು ಹುಲಿ ಒಯ್ಯಬೇಕು, ಕೊನೆಗೆ ಆಡು. ಏಳು ಸಲ ಹೊಳೆ ದಾಟಿದರೆ ಮುಗಿಯಿತು. ನಿರ್ಣಾಯಕರ ಹಾಳೆಯಲ್ಲಿ ಎರಡನೆಯ ಸಲಕ್ಕೆ ಹುಲಿ ಎಂದಿತ್ತು. ತಪ್ಪು ಎಂದರು. ಈ ಲೆಕ್ಕಕ್ಕೆ ಏಳು ದಾಟಿನ ಉತ್ತರ ಎರಡಿವೆ. ಹುಲಿ ಮೊದಲೂ ಆಗುತ್ತದೆ, ಹುಲ್ಲು ಮೊದಲೂ ಆಗುತ್ತದೆ. ಅವಳು ವಾದಿಸಲಿಲ್ಲ. ಕೂರುವಾಗ ಪಕ್ಕದವಳಿಗೆ ಮಾತ್ರ, "ಹುಲೀನ ಮೊದಲ ಆ ದಂಡ್ಯಾಗ ಬಿಟ್ಟು ಬಂದ್ರ ಅಲ್ಲಿಯ ಮಂದಿ ಸುಮ್ಮನಿರ್ತಾರೇನು?" ಎಂದಳು. ನಾನು ಎದ್ದು ಹೇಳಿದೆ, ಬರೆದು ತೋರಿಸಿದೆ. ನಿರ್ಣಾಯಕರ ತೀರ್ಮಾನವೇ ಅಂತಿಮ ಎಂಬ ಸಾಲು ಗೋಡೆಯ ಮೇಲೆ ಅಂಟಿಸಿತ್ತು. ಸ್ಟೀಲಿನ ಡಬ್ಬಿ ಬೇರೆಯವರ ಪಾಲಾಯಿತು. ಡಬ್ಬಿ ಹೋದರೆ ಹೋಗಲಿ. ಮಗಳ ಎದುರು, ಸರಿಯಾದ ಉತ್ತರ ಹೇಳಿ, ತಪ್ಪು ಎನ್ನಿಸಿಕೊಂಡಳಲ್ಲ. ಅದನ್ನು ತುಂಬಿಕೊಡುವುದು ಯಾರು?

ನಮ್ಮ ಸೀಮೆಯಲ್ಲೇ ಇನ್ನೊಂದು ಬಗೆಯ ಒಗಟಿದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಎತ್ತರದ ಬಿಲ್ಲನ್ನೇರಿ, "ಸದ್ದಲೇ" ಎಂದು ಲಕ್ಷಾಂತರ ಜನರನ್ನು ಸುಮ್ಮನಾಗಿಸಿ, ಒಂದೇ ಸಾಲು ನುಡಿದು ಕೆಳಕ್ಕೆ ಬೀಳುತ್ತಾನೆ. ಆ ಕಾರಣಿಕದ ಅರ್ಥ ಅವನ ಜೇಬಿನಲ್ಲಿಲ್ಲ. ಹರಪನಹಳ್ಳಿಯ ರೈತ ಅದರಲ್ಲಿ ಮಳೆ ಕಾಣುತ್ತಾನೆ, ಹಗರಿಬೊಮ್ಮನಹಳ್ಳಿಯ ವ್ಯಾಪಾರಿ ಧಾರಣೆ ಕಾಣುತ್ತಾನೆ, ಪತ್ರಿಕೆಯವರು ಚುನಾವಣೆ ಕಾಣುತ್ತಾರೆ. ಅಲ್ಲಿ ಯಾರ ಉತ್ತರವನ್ನೂ ತಪ್ಪು ಎನ್ನುವ ಹಾಳೆಯಿಲ್ಲ. ಅದು ದೈವದ ಮಾತು, ನಮಗೆ ಆ ಸಲಿಗೆ ಇಲ್ಲ. ಉತ್ತರವೇ ಇಲ್ಲದ್ದನ್ನು ಆಟವೆಂದು ಕೊಡುವುದು ಮನುಷ್ಯರಿಗೆ ಸಲ್ಲದು. ಕೊಟ್ಟ ಮೇಲೆ ಬಿಡಿಸಲು ಸಾಧ್ಯವಿದೆ ಎಂಬ ಭರವಸೆಯನ್ನೂ ಕೊಟ್ಟಂತೆಯೇ.

ಏಳನೆಯ ನಕ್ಷೆಯ ಕತೆ ಉಳಿಯಿತು. ಹಿಂದಿನ ಸಂದಿಗೆ ಒಂದು ಗೋಡೆ ಎಳೆದುಬಿಟ್ಟರೆ ಆ ಹುಡುಗಿಯ ದಾರಿ ಮುಚ್ಚುತ್ತದೆ, ನಕ್ಷೆ ಗಟ್ಟಿಯಾಗುತ್ತದೆ ಎಂದು ಗಣಿತದ ಮೇಷ್ಟ್ರ ಸಲಹೆ. ಕಟ್ಟುವವರ ಕಣ್ಣಿನಿಂದ ನೋಡಿದರೆ ಅದು ಸರಿಯೇ. ಸುಲಭದ ದಾರಿ ಇದ್ದರೆ ಕಷ್ಟದ ದಾರಿಯ ಸೊಗಸು ಯಾರಿಗೂ ಕಾಣುವುದಿಲ್ಲ. ನಾನು ಗೋಡೆ ಎಳೆಯಲಿಲ್ಲ. ಸ್ಪರ್ಧೆಯ ದಿನ 41ರ ದಾರಿಯಲ್ಲಿ ಹೋದವರಿಗೂ 23ರ ದಾರಿಯಲ್ಲಿ ಹೋದವರಿಗೂ ಸಮ ಅಂಕ ಕೊಟ್ಟೆವು. ಮೇಷ್ಟ್ರು ತಮ್ಮ ಶಾಲೆಗೆ ಒಯ್ದ ಪ್ರತಿಯಲ್ಲಿ ಆ ಗೋಡೆ ಇದೆ. ಸಿಕ್ಕಾಗಲೆಲ್ಲ ಇಬ್ಬರೂ ಜಗಳವಾಡುತ್ತೇವೆ, ಇನ್ನೂ ಇತ್ಯರ್ಥವಾಗಿಲ್ಲ. ಆ ಹುಡುಗಿ ಈಗ ತಾನೇ ನಕ್ಷೆ ಬರೆಯುತ್ತಾಳೆ. ಅವಳ ಮೂರನೆಯದು ನನಗೆ ಇನ್ನೂ ಬಿಡಿಸಲು ಬಂದಿಲ್ಲ. ಕೇಳಿದರೆ ಹೇಳುವುದಿಲ್ಲ ಎನ್ನುತ್ತಾಳೆ.