ಜನಗಣತಿಯ ನಕ್ಷೆ ಮತ್ತು ಮನುಷ್ಯನ ಮಾತು

ಭಾರತದ ಜನಗಣತಿಯಲ್ಲಿ ಗಣತಿದಾರರು ಮೊದಲು ಮಾಡುವುದು ತಲೆ ಎಣಿಸುವ ಕೆಲಸವಲ್ಲ, ತಮ್ಮ ಪಾಲಿಗೆ ಬಂದ ಪ್ರದೇಶದ ನಕ್ಷೆ ಬರೆಯುವ ಕೆಲಸ. 2011ರ ಗಣತಿಯಲ್ಲಿಯೂ ಈ ನಕ್ಷೆ ಬಹುತೇಕ ಕೈಯಿಂದ ಬರೆದದ್ದೇ ಆಗಿತ್ತು. ಶಾಲೆಯ ಮೇಷ್ಟ್ರೋ ಗ್ರಾಮಲೆಕ್ಕಿಗರೋ ಬೀದಿ ಬೀದಿ ಸುತ್ತಿ, ಗುಡಿ, ಬಾವಿ, ಶಾಲೆ, ರಸ್ತೆಗಳನ್ನು ಗುರುತು ಹಾಕಿಕೊಂಡು, ಪಕ್ಕಾ ಕಟ್ಟಡಕ್ಕೆ ಚೌಕ, ಕಚ್ಚಾ ಕಟ್ಟಡಕ್ಕೆ ತ್ರಿಕೋನ ಬರೆದು, ಬಾಗಿಲ ಬಳಿ ಸಂಖ್ಯೆ ಹಾಕುತ್ತಿದ್ದರು. ಮುಂದಿನ ಗಣತಿಗೆ 2025ರ ಜೂನ್ 16ರಂದು ಅಧಿಸೂಚನೆ ಹೊರಟಾಗ, 2027ರ ಮಾರ್ಚ್ 1ರ ಶೂನ್ಯ ಗಂಟೆಯನ್ನು ಎಣಿಕೆಯ ಕ್ಷಣವೆಂದು ಗೊತ್ತುಮಾಡಲಾಯಿತು. ಹಿಮ ಬೀಳುವ ಪ್ರದೇಶಗಳಿಗೆ 2026ರ ಅಕ್ಟೋಬರ್ 1. ಈ ಗಣತಿಯ ಯೋಜನೆಯಲ್ಲಿ ಕಾಗದದ ಜಾಗಕ್ಕೆ ಮೊಬೈಲ್ ಆ್ಯಪ್ ಬಂದಿದೆ. ಪ್ರತಿ ಕಟ್ಟಡದ ಅಕ್ಷಾಂಶ ರೇಖಾಂಶ ದಾಖಲಾಗಬೇಕು, ಚೌಕ ತ್ರಿಕೋನಗಳ ಬದಲು ಡಿಜಿಟಲ್ ನಕ್ಷೆಯ ಮೇಲೆ ಒಂದೊಂದು ಬಿಂದು ಕೂರಬೇಕು.

ಅಮೆರಿಕ ತನ್ನ ಇಡೀ ದೇಶದ ರಸ್ತೆ ಮತ್ತು ಗಡಿಗಳನ್ನು ಕಂಪ್ಯೂಟರ್ ನಕ್ಷೆಗೆ ಇಳಿಸಿದ್ದು 1990ರ ಗಣತಿಗಾಗಿ. ಕೀನ್ಯಾ 2019ರಲ್ಲಿ, ಘಾನಾ 2021ರಲ್ಲಿ ಟ್ಯಾಬ್ಲೆಟ್ ಹಿಡಿದು ಎಣಿಸಿದವು. ಕರ್ನಾಟಕದಲ್ಲಿ 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆದಾಗ, ವಿದ್ಯುತ್ ಮೀಟರ್ ಓದುವವರು ಮುಂಚೆಯೇ ಮನೆ ಮನೆಗೆ ಚೀಟಿ ಅಂಟಿಸಿ ಮೀಟರಿನ ಮೂಲಕ ಮನೆಯ ಸ್ಥಳವನ್ನು ಗುರುತಿಸಿದ್ದರು. ಅದು ಜನಗಣತಿಯಲ್ಲ, ರಾಜ್ಯದ ಸಮೀಕ್ಷೆ. ಆದರೂ ಮನೆಯೆಂದರೆ ನಕ್ಷೆಯ ಮೇಲಿನ ಬಿಂದು ಎಂಬ ಕಲ್ಪನೆ ಹಳ್ಳಿಯ ಜಗಲಿಗೂ ಬಂದು ತಲುಪಿದ್ದು ಆಗಲೇ.

ಇದರಿಂದ ಆಗುವ ಉಪಕಾರ ಸಣ್ಣದಲ್ಲ. ಕೈನಕ್ಷೆಯ ಕಾಲದಲ್ಲಿ ಇಬ್ಬರು ಗಣತಿದಾರರ ಪಾಲಿನ ಪ್ರದೇಶಗಳ ಗಡಿಯಲ್ಲಿರುವ ಸಾಲುಮನೆಗಳನ್ನು ಇಬ್ಬರೂ ಎಣಿಸುವುದುಂಟು, ಇಬ್ಬರೂ ಬಿಡುವುದೂ ಉಂಟು. ಕಾಡಂಚಿನ ಹಾಡಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡು, ಊರಿನಿಂದ ಎರಡು ಮೈಲಿ ಆಚೆಗಿರುವ ತಾಂಡಾ ಮೊದಲಾದವು ಪಟ್ಟಿಯಿಂದ ತಪ್ಪಿಹೋದರೆ, ಅಂಗನವಾಡಿ, ರಸ್ತೆ, ಪಡಿತರಗಳ ಲೆಕ್ಕದಲ್ಲಿಯೂ ತಪ್ಪುವ ಅಪಾಯವಿದೆ. ಆಕಾಶದಿಂದ ತೆಗೆದ ಚಿತ್ರದಲ್ಲಿ ಸೂರು ಕಂಡರೆ, ಅಲ್ಲಿಗೆ ಯಾರೂ ಹೋಗಲಿಲ್ಲ ಎಂಬುದೂ ಕಾಣುತ್ತದೆ. ಎಲ್ಲರನ್ನೂ ಒಳಗೊಳ್ಳುವುದು ನ್ಯಾಯದ ಮೊದಲ ಬೇಡಿಕೆಯಾದ್ದರಿಂದ, ಈ ದೃಷ್ಟಿಯಿಂದ ನಕ್ಷೆ ನ್ಯಾಯದ ಸಾಧನವೇ ಸರಿ.

ಆದರೆ ಬಿಂದುವಿಗೂ ಮನುಷ್ಯನಿಗೂ ಇರುವ ಸಂಬಂಧವೇನು ಎಂಬುದು ತಂತ್ರಜ್ಞಾನದ ಪ್ರಶ್ನೆಯಲ್ಲ. ಗಣತಿಯ ವ್ಯಾಖ್ಯೆಗಳೇ ಇದನ್ನು ಎತ್ತುತ್ತವೆ. ರಸ್ತೆಯಿಂದಲೋ ಸಾಮಾನ್ಯ ಅಂಗಳದಿಂದಲೋ ಪ್ರತ್ಯೇಕ ಬಾಗಿಲಿರುವುದು ಒಂದು ಗಣತಿ ಮನೆ. ಒಟ್ಟಿಗೆ ವಾಸವಾಗಿದ್ದು ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ. ಬಾಗಿಲು ಎಲ್ಲಿದೆ ಎಂಬುದು ನಕ್ಷೆಗೆ ದಕ್ಕುತ್ತದೆ, ಒಲೆ ದಕ್ಕುವುದಿಲ್ಲ. ಒಂದೇ ಹೆಂಚಿನ ಮನೆಯಲ್ಲಿ ಅಣ್ಣ ತಮ್ಮಂದಿರು ಬೇರೆಯಾಗಿ, ನಡುಮನೆಗೆ ಅಡ್ಡಗೋಡೆ ಹಾಕದೆ ಒಲೆ ಮಾತ್ರ ಎರಡು ಮಾಡಿಕೊಂಡಿದ್ದರೆ ಅಲ್ಲಿರುವುದು ಎರಡು ಕುಟುಂಬ. ಎಷ್ಟೇ ಸೂಕ್ಷ್ಮವಾದ ಉಪಗ್ರಹ ಚಿತ್ರವಾದರೂ ಅದನ್ನು ಹೇಳಲಾರದು. ಬಾಗಿಲು ತಟ್ಟಿ ಕೇಳಬೇಕು, ಮನೆಯವರು ಹೇಳಬೇಕು.

ಭಾರತೀಯ ತರ್ಕಶಾಸ್ತ್ರ ಈ ಭೇದವನ್ನು ಬಹಳ ಹಿಂದೆಯೇ ಗುರುತಿಸಿದೆ. ನ್ಯಾಯದರ್ಶನದ ಪ್ರಕಾರ ಅರಿವಿನ ದಾರಿಗಳು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಹೊಗೆ ಕಂಡು ಬೆಂಕಿಯಿದೆ ಎಂದು ತಿಳಿಯುವಂತೆ, ಸೂರು ಕಂಡು ಜನರಿದ್ದಾರೆ ಎಂದು ತಿಳಿಯುವುದು ಅನುಮಾನ. ಗಣತಿ ನಡೆಸಲಾಗದ ದೇಶಗಳಲ್ಲಿ ಇಂದು ಜನಸಂಖ್ಯೆಯನ್ನು ಅಂದಾಜು ಮಾಡುವುದು ಈ ದಾರಿಯಿಂದಲೇ. ಅಫ್ಘಾನಿಸ್ತಾನದಲ್ಲಿ 1979ರ ಗಣತಿ ಅರ್ಧಕ್ಕೆ ನಿಂತ ಮೇಲೆ ಪೂರ್ಣ ಗಣತಿ ಆಗಿಲ್ಲ. ಅಂಥ ಕಡೆ ಕಟ್ಟಡಗಳ ಸಂಖ್ಯೆಯನ್ನು ಮಾದರಿ ಸಮೀಕ್ಷೆಯೊಂದಿಗೆ ಹೊಂದಿಸಿ ಜನರ ಲೆಕ್ಕ ಹಾಕುತ್ತಾರೆ. ಲಸಿಕೆ ಎಷ್ಟು ಬೇಕು ಎಂದು ತಿಳಿಯಲು ಅದು ಸಾಕಾಗಬಹುದು. ಆದರೆ ಗಣತಿಯ ತಿರುಳಿರುವುದು ಶಬ್ದದಲ್ಲಿ, ಅಂದರೆ ಬಲ್ಲವರು ಹೇಳಿದ ಮಾತಿನಲ್ಲಿ. ಭಾರತದ ಗಣತಿದಾರರು ಧರ್ಮ, ಮಾತೃಭಾಷೆ, ವಯಸ್ಸುಗಳಿಗೆ ದಾಖಲೆ ಕೇಳುವುದಿಲ್ಲ, ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ತಾನು ಯಾರು ಎಂಬ ವಿಷಯದಲ್ಲಿ ಪ್ರಜೆಯೇ ಆಪ್ತ, ಅಂದರೆ ನಂಬತಕ್ಕ ಬಲ್ಲವ; ಅವನ ಮಾತೇ ಪ್ರಮಾಣ. ಪ್ರಭುತ್ವವೊಂದು ತನ್ನ ಕಟ್ಟಕಡೆಯ ಮನುಷ್ಯನ ಮುಂದೆ ಕೇಳುವವನಾಗಿ ನಿಲ್ಲುವ ಸಂದರ್ಭಗಳು ಹೆಚ್ಚಿಲ್ಲ, ಗಣತಿ ಅವುಗಳಲ್ಲೊಂದು.

ಕೇಳುವುದರ ಜೊತೆಗೆ ಮೌನಕ್ಕೂ ಜಾಗವಿದೆ. 1948ರ ಜನಗಣತಿ ಕಾಯ್ದೆಯ 8ನೇ ಕಲಮು ಉತ್ತರಿಸುವುದನ್ನು ಕಡ್ಡಾಯ ಮಾಡುತ್ತಲೇ, ರೂಢಿಯಂತೆ ಗಂಡನ ಹೆಸರು ಹೇಳದ ಹೆಂಗಸು ಅದನ್ನು ಹೇಳಲೇಬೇಕಿಲ್ಲ ಎನ್ನುತ್ತದೆ. ಈ ಸಣ್ಣ ವಿನಾಯಿತಿಯಲ್ಲಿ ದೊಡ್ಡ ವಿವೇಕವಿದೆ. ಅಕ್ಷಾಂಶ ರೇಖಾಂಶಕ್ಕೆ ಈ ಗುಣವಿಲ್ಲ. ಅದನ್ನು ಯಾರನ್ನೂ ಕೇಳಿ ಪಡೆಯುವುದಿಲ್ಲ. ಮನೆಯವರು ಬಾಯಿ ತೆರೆಯುವ ಮೊದಲೇ ಬಿಂದು ದಾಖಲಾಗಿರುತ್ತದೆ.

ಎಣಿಸಿಕೊಳ್ಳುವ ಭಯ ಬಹಳ ಹಳೆಯದು. ಯೆಹೂದ್ಯರ ಮತ್ತು ಕ್ರೈಸ್ತರ ಪವಿತ್ರ ಗ್ರಂಥದಲ್ಲಿ, ಸಮುವೇಲನ ಎರಡನೆಯ ಪುಸ್ತಕದ 24ನೇ ಅಧ್ಯಾಯದಲ್ಲಿ, ಅರಸ ದಾವೀದ ಜನರನ್ನು ಎಣಿಸಲು ಸೇನಾಪತಿ ಯೋವಾಬನನ್ನು ಕಳುಹಿಸುತ್ತಾನೆ. ಯೋವಾಬ ಬೇಡವೆಂದರೂ ದೊರೆ ಕೇಳುವುದಿಲ್ಲ. ಯೊರ್ದನ್ ಹೊಳೆ ದಾಟಿ, ಗಿಲ್ಯಾದ್, ದಾನ್, ಸೀದೋನ್ ಸುತ್ತಿ ಬೇರ್ಷೆಬದವರೆಗೆ ಹೋಗಿ ಬರಲು ಒಂಬತ್ತು ತಿಂಗಳು ಇಪ್ಪತ್ತು ದಿನ ಹಿಡಿಯುತ್ತದೆ. ನಾಡಿನ ಗಡಿಗಳನ್ನೇ ಗೆರೆ ಎಳೆದಂತಿದೆ ಆ ದಾರಿ. ಅವನು ತರುವ ಲೆಕ್ಕ ಕತ್ತಿ ಹಿಡಿಯಬಲ್ಲ ಗಂಡಸರದು. ಬೆನ್ನಿಗೇ ವ್ಯಾಧಿ ಬಂದು ಎಪ್ಪತ್ತು ಸಾವಿರ ಮಂದಿ ಸಾಯುತ್ತಾರೆ. ಪಾಪ ಯಾವುದು ಎಂಬ ಬಗ್ಗೆ ವ್ಯಾಖ್ಯಾನಕಾರರಲ್ಲಿ ಒಮ್ಮತವಿಲ್ಲ. ಎಣಿಕೆಯೇ ಪಾಪವಾಗಿರಲಾರದು, ಏಕೆಂದರೆ ಮೋಶೆಯ ಕಾಲದಲ್ಲಿ ದೇವರ ಅಪ್ಪಣೆಯಿಂದಲೇ ಗಣತಿ ನಡೆಯುತ್ತದೆ. ಅಲ್ಲಿ ಎಣಿಕೆಗೆ ಒಳಗಾದ ಪ್ರತಿಯೊಬ್ಬನೂ ಬಡವ ಬಲ್ಲಿದನೆನ್ನದೆ ಅರ್ಧ ಶೆಕೆಲ್ ಕಾಣಿಕೆ ಕೊಡಬೇಕೆಂಬ ವಿಧಿಯೂ ಇದೆ. ಎರಡನ್ನೂ ಜೊತೆಗಿಟ್ಟು ನೋಡಿದರೆ, ಜನರನ್ನು ತನ್ನ ಬಲವೆಂದು ಎಣಿಸಿಕೊಂಡ ದೊರೆಯ ಮನಸ್ಸೇ ದಾವೀದನ ತಪ್ಪು ಎಂಬ ಅರ್ಥ ಹೆಚ್ಚು ಸರಿಯೆನಿಸುತ್ತದೆ.

ಆ ಭಯ ಇಪ್ಪತ್ತನೆಯ ಶತಮಾನದಲ್ಲಿ ನಿಜವಾಯಿತು. 1941ರ ಮೇ ತಿಂಗಳಲ್ಲಿ, ಜರ್ಮನರ ವಶದಲ್ಲಿದ್ದ ಆಮ್‌ಸ್ಟರ್‌ಡಾಮ್ ನಗರದ ಅಂಕಿಅಂಶ ಕಚೇರಿ ಒಂದು ನಕ್ಷೆ ತಯಾರಿಸಿತು. ಅದರಲ್ಲಿ ಒಂದೊಂದು ಚುಕ್ಕೆಗೆ ಹತ್ತು ಯೆಹೂದ್ಯರು. ಚುಕ್ಕೆಗಳು ಒತ್ತೊತ್ತಾಗಿರುವ ಬೀದಿಗಳು ಒಂದೇ ನೋಟಕ್ಕೆ ಕಾಣುತ್ತವೆ. ಮರುವರ್ಷ ಜನರನ್ನು ಸಾಗಿಸುವ ರೈಲುಗಳು ಹೊರಟವು. ನೆದರ್‌ಲ್ಯಾಂಡ್ಸ್‌ನ ಸುಮಾರು 1,40,000 ಯೆಹೂದ್ಯರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಕೊಲೆಯಾದರು. ಆ ಚುಕ್ಕೆಗಳಲ್ಲಿ ಸುಳ್ಳಿರಲಿಲ್ಲ. ಒಳ್ಳೆಯ ಆಡಳಿತಕ್ಕೆಂದು ಶ್ರದ್ಧೆಯಿಂದ ಇಟ್ಟುಕೊಂಡು ಬಂದ ನಿವಾಸಿಗಳ ದಾಖಲೆಯೇ ಇಂಥ ಕೆಲಸಕ್ಕೆ ಬಳಕೆಯಾಯಿತು. ಇಂದಿನ ತಂತ್ರಜ್ಞಾನಕ್ಕೆ ಹತ್ತು ಜನಕ್ಕೊಂದು ಚುಕ್ಕೆ ಬೇಕಿಲ್ಲ, ಮನೆಗೊಂದು ಚುಕ್ಕೆ ಇಡುವುದು ಅದಕ್ಕೆ ಸಲೀಸು.

ಇರುವ ಜಾಗವನ್ನು ಹೇಳುವ ಸತ್ಯ ಕೊಲ್ಲಬಲ್ಲದು ಎಂಬುದನ್ನು ಮಹಾಭಾರತದ ಕರ್ಣಪರ್ವ ಕೌಶಿಕನ ಕತೆಯಲ್ಲಿ ಹೇಳುತ್ತದೆ. ಕೌಶಿಕ ಸತ್ಯವ್ರತದ ಬ್ರಾಹ್ಮಣ. ದರೋಡೆಕೋರರಿಗೆ ಹೆದರಿ ಜನ ಅವನಿದ್ದ ಕಾಡಿಗೆ ಓಡಿಬಂದು ಅಡಗುತ್ತಾರೆ. ಅಟ್ಟಿಸಿಕೊಂಡು ಬಂದವರು ಕೇಳಿದಾಗ ಕೌಶಿಕ ದಾರಿ ತೋರಿಸುತ್ತಾನೆ. ಜನ ಸಾಯುತ್ತಾರೆ, ಕೌಶಿಕ ನರಕಕ್ಕೆ ಹೋಗುತ್ತಾನೆ. ಈ ಕತೆಯನ್ನು ಕೃಷ್ಣ ಹೇಳುವುದು, ಕೊಟ್ಟ ಮಾತಿಗೆ ಕಟ್ಟುಬಿದ್ದು ಅಣ್ಣನನ್ನೇ ಕೊಲ್ಲಹೊರಟ ಅರ್ಜುನನಿಗೆ. ಧರ್ಮ ಸೂಕ್ಷ್ಮವಾದದ್ದು, ನಡೆದದ್ದನ್ನು ನಡೆದಂತೆ ನುಡಿಯುವುದಷ್ಟೇ ಸತ್ಯವಲ್ಲ ಎಂಬುದು ಅಲ್ಲಿಯ ವಾದ. ನಿಖರತೆಯನ್ನೇ ಗುರಿಯಾಗಿಟ್ಟುಕೊಂಡ ಗಣತಿ ಇಲಾಖೆಗಳು ಮನಸ್ಸಿಗೆ ತಂದುಕೊಳ್ಳಬೇಕಾದ ವಾದ ಇದು.

ಅಮೆರಿಕದ 2020ರ ಗಣತಿ ಹೆಚ್ಚುಕಡಿಮೆ ಇದೇ ಇಕ್ಕಟ್ಟಿಗೆ ಸಿಕ್ಕಿತು. ಚಿಕ್ಕ ಚಿಕ್ಕ ಪ್ರದೇಶಗಳ ಅಂಕಿಗಳನ್ನು ಬೇರೆ ಮಾಹಿತಿಯೊಂದಿಗೆ ತಾಳೆ ಹಾಕಿ ವ್ಯಕ್ತಿಯನ್ನು ಗುರುತಿಸುವ ಸಾಧ್ಯತೆ ಇತ್ತು. ಹಾಗಾಗಿ ರಾಜ್ಯಗಳ ಒಟ್ಟು ಜನಸಂಖ್ಯೆಯನ್ನು ಇದ್ದಂತೆಯೇ ಪ್ರಕಟಿಸಿ, ಬೀದಿ ಮಟ್ಟದ ಅಂಕಿಗಳನ್ನು ಗಣಿತದ ಒಂದು ವಿಧಾನದಿಂದ ಬೇಕೆಂದೇ ಸ್ವಲ್ಪ ಅಲುಗಿಸಲಾಯಿತು. ಅಲಬಾಮಾ ರಾಜ್ಯ ಇದರ ವಿರುದ್ಧ ಕೋರ್ಟಿಗೂ ಹೋಯಿತು. ಕ್ಷೇತ್ರಗಳ ಗಡಿ ಗುರುತಿಸಲು ಸರಿಯಾದ ಅಂಕಿ ಬೇಕೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಒಬ್ಬ ವ್ಯಕ್ತಿಯ ಗುಟ್ಟು ಕಾಯಲು ಅಂಕಿಯ ಅಂಚನ್ನು ಮಸುಕು ಮಾಡುವುದು ಕೌಶಿಕನ ದಾರಿಗಿಂತ ಮೇಲು.

ಜರ್ಮನಿಯಲ್ಲಿ ಈ ಪ್ರಶ್ನೆ ಸಂವಿಧಾನದ ಮಟ್ಟಕ್ಕೇರಿತು. 1983ರ ಗಣತಿಯನ್ನು ತಡೆಹಿಡಿದ ಸಂವಿಧಾನ ನ್ಯಾಯಾಲಯ, ಆ ವರ್ಷದ ಡಿಸೆಂಬರ್ 15ರಂದು, ತನ್ನ ಮಾಹಿತಿಯ ಮೇಲೆ ವ್ಯಕ್ತಿಗೇ ಅಧಿಕಾರವಿದೆ ಎಂದು ತೀರ್ಪು ಕೊಟ್ಟಿತು. ಗಣತಿ ನಡೆದದ್ದು 1987ರಲ್ಲಿ. ಭಾರತದಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ್ದು 2017ರ ಆಗಸ್ಟ್ 24ರಂದು. ಆಧಾರ್ ಕುರಿತ ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಜನಗಣತಿ ಕಾಯ್ದೆಯ 15ನೇ ಕಲಮು ಗಣತಿಯ ದಾಖಲೆಗಳನ್ನು ಯಾರೂ ತೆರೆದು ನೋಡುವಂತಿಲ್ಲ, ಸಾಕ್ಷ್ಯವಾಗಿ ಬಳಸುವಂತಿಲ್ಲ ಎನ್ನುತ್ತದೆ. ಕಾಗದದ ಕಟ್ಟುಗಳ ಕಾಲದಲ್ಲಿ ಬರೆದ ಈ ರಕ್ಷಣೆಯನ್ನು ಬಿಂದುವಿಗೂ ಅಷ್ಟೇ ಬಿಗಿಯಾಗಿ ಅನ್ವಯಿಸಬೇಕು. ಗಣತಿದಾರರನ್ನು ಬಾಗಿಲವರೆಗೆ ಕರೆದುಕೊಂಡು ಹೋದ ಮೇಲೆ ಬಿಂದುವಿನ ಮುಖ್ಯ ಕೆಲಸ ಮುಗಿಯಿತು. ಬಾಗಿಲೊಳಗಿನ ಉತ್ತರಗಳಿಗೆ ಅದನ್ನು ಶಾಶ್ವತವಾಗಿ ಗಂಟುಹಾಕಿ ಇಡಲು ಬಲವಾದ ಕಾರಣ ಕಾಣುವುದಿಲ್ಲ.

ಇನ್ನು ಬಿಂದುವೇ ಇಲ್ಲದವರು. ಹನ್ನೆರಡನೆಯ ಶತಮಾನದ ಶರಣರು ಕಟ್ಟಿ ನಿಲ್ಲಿಸಿದ ಸ್ಥಾವರಕ್ಕಿಂತ ಚಲಿಸುವ ಜಂಗಮವನ್ನು ಮೇಲೆಂದು ಎಣಿಸಿದರು. ಸ್ಥಳದ ಮೂಲಕ ಮನುಷ್ಯನನ್ನು ಹಿಡಿಯುವ ಪದ್ಧತಿ ಸೋಲುವುದು ಜಂಗಮದ ಮುಂದೆಯೇ. 2011ರಲ್ಲಿ ಫೆಬ್ರುವರಿ 28ರ ರಾತ್ರಿ ಮನೆಯಿಲ್ಲದವರನ್ನು ರೈಲು ನಿಲ್ದಾಣ, ಗುಡಿಯ ಕಟ್ಟೆ, ಮೇಲ್ಸೇತುವೆಗಳ ಕೆಳಗೆ ಹುಡುಕಿ ಎಣಿಸಲಾಯಿತು. ದೇಶದಲ್ಲಿ ಸುಮಾರು 17.7 ಲಕ್ಷ ಮಂದಿ ಸಿಕ್ಕರು. ಮನೆಯಿದ್ದೂ ಚಲಿಸುವವರ ಸಂಗತಿ ಇನ್ನೂ ತೊಡಕಿನದು. ವಿಜಯಪುರದ ತಾಂಡಾದಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ಕುಟುಂಬಕ್ಕೆ, ಮನೆಪಟ್ಟಿ ಮಾಡುವ ಬೇಸಿಗೆಯಲ್ಲಿ ಊರಲ್ಲೇ ಬಿಂದು ಸಿಗುತ್ತದೆ. ತಲೆ ಎಣಿಸುವ ಫೆಬ್ರುವರಿಯಲ್ಲಿ ಆ ಮನೆಗೆ ಬೀಗ. ಅವರಿರುವುದು ಕಾರ್ಖಾನೆಯ ಆಸುಪಾಸಿನ ಗದ್ದೆಯಂಚಿನಲ್ಲಿ, ಹಿಂದಿನ ವರ್ಷದ ಉಪಗ್ರಹ ಚಿತ್ರದಲ್ಲಿ ಇಲ್ಲದ ತಾಡಪತ್ರಿಯ ಗುಡಿಸಿಲಿನಲ್ಲಿ. ಎಣಿಕೆಯ ಅವಧಿಯುದ್ದಕ್ಕೂ ಊರು ಬಿಟ್ಟಿದ್ದವರನ್ನು ಸಿಕ್ಕಲ್ಲಿಯೇ ಎಣಿಸಬೇಕೆಂಬುದು ನಿಯಮ. ಆದ್ದರಿಂದ ಅವರು ಅಲ್ಲಿಯ ಲೆಕ್ಕಕ್ಕೆ ಸೇರುತ್ತಾರೆ. ಹುಟ್ಟಿದ ಸ್ಥಳ, ಹಿಂದಿನ ವಾಸಸ್ಥಳ, ಊರು ಬಿಟ್ಟ ಕಾರಣಗಳನ್ನು ಗಣತಿದಾರರು ಅವರನ್ನೇ ಕೇಳಿ ಬರೆದುಕೊಳ್ಳಬೇಕು.