ಉಪವಾಸ ಮತ್ತು ಶರೀರದ ಹಕ್ಕು

ಉಪವಾಸ ವ್ರತದಿಂದ ಆರೋಗ್ಯ ಸುಧಾರಿಸುತ್ತದೆಂಬ ಮಾತನ್ನು ರಮಝಾನ್ ಬಂದಾಗಲೆಲ್ಲ ಕೇಳುತ್ತೇವೆ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅದನ್ನೇ ವ್ರತದ ಗುರಿಯೆಂದು ಭಾವಿಸಿದರೆ ಒಂದು ಪ್ರಶ್ನೆ ಏಳುತ್ತದೆ: ಉಪವಾಸದಿಂದ ದೇಹಕ್ಕೆ ಹಾನಿಯಾಗುವವರು ಏನು ಮಾಡಬೇಕು?

ಸಹ್ರಿಯ ಆಹಾರದಿಂದ ದೊರೆತ ಸಕ್ಕರೆ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಬಳಿಕ ಪಿತ್ತಜನಕಾಂಗವು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಆ ದಾಸ್ತಾನು ಇಳಿದಂತೆ ಕೊಬ್ಬು ಹೆಚ್ಚಾಗಿ ಕರಗಿ ಇಂಧನವಾಗುತ್ತದೆ. ನಮ್ಮ ನಾಡಿನ 13-14 ಗಂಟೆಗಳ ಉಪವಾಸ ಆರೋಗ್ಯವಂತರಿಗೆ ಸಾಮಾನ್ಯವಾಗಿ ಹೊರೆಯಲ್ಲ. ತಿಂಗಳ ಕೊನೆಗೆ ತೂಕ ತುಸು ಇಳಿಯುವುದೂ ಉಂಟು; ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ಅದು ಮರಳುತ್ತದೆ. ಇಫ್ತಾರಿನ ಸುಪ್ರದಲ್ಲಿ ಕರಿದ ತಿಂಡಿಗಳೇ ತುಂಬಿದರೆ ಇಳಿಯುವ ಮಾತೂ ಇಲ್ಲ.

ಸಕ್ಕರೆ ಕಾಯಿಲೆಯವರ ಸ್ಥಿತಿಯೇ ಬೇರೆ. 2001ರ ರಮಝಾನಿನ ಕುರಿತು 13 ದೇಶಗಳ 12 ಸಾವಿರಕ್ಕೂ ಹೆಚ್ಚು ಮುಸ್ಲಿಮ್ ಮಧುಮೇಹಿಗಳ ಅಧ್ಯಯನ ನಡೆಯಿತು. ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯುವ ಪ್ರಕರಣಗಳು ಎರಡನೇ ವಿಧದ ಮಧುಮೇಹಿಗಳಲ್ಲಿ ಇತರ ತಿಂಗಳಿಗಿಂತ ಏಳೂವರೆ ಪಟ್ಟಾಗಿದ್ದವು. ಆದರೂ ಮನೆಯ ಹಿರಿಯರು, "ನಲ್ವತ್ತು ವರ್ಷ ಬಿಡದ ವ್ರತವನ್ನು ಈಗ ಬಿಡಲೇ?" ಎಂದು ಕಣ್ಣೀರಿಡುತ್ತಾರೆ. ಆ ಕಣ್ಣೀರು ಅವರ ಈಮಾನಿನ ಕುರುಹು, ನಿಜ. ಆದರೆ ವ್ರತವನ್ನು ಕಡ್ಡಾಯಗೊಳಿಸಿದ ಅಲ್ಲಾಹನೇ ಅಲ್‌ಬಕರ ಅಧ್ಯಾಯದಲ್ಲಿ, ಅದೇ ಆದೇಶದ ಜೊತೆಗೆ, ರೋಗಿಗಳಿಗೆ ರಿಯಾಯಿತಿ ನೀಡಿದ್ದಾನೆ. ಗುಣವಾದವರು ಬೇರೆ ದಿನಗಳಲ್ಲಿ ಪೂರ್ತಿ ಮಾಡಬಹುದು. ಗುಣವಾಗುವ ನಿರೀಕ್ಷೆಯಿಲ್ಲದವರಿಗೆ ಬಡವರಿಗೆ ಉಣಿಸುವ ಫಿದ್ಯಾ ಇದೆ. ಆದೇಶವನ್ನು ಸ್ವೀಕರಿಸಿ ರಿಯಾಯಿತಿಯನ್ನು ತಿರಸ್ಕರಿಸುವುದು ಯಾವ ವಿಧೇಯತೆ?

ದಿನವೂ ಉಪವಾಸವಿದ್ದು ರಾತ್ರಿಯಿಡೀ ನಮಾಝ್ ಮಾಡುತ್ತಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ)ರನ್ನು ಪ್ರವಾದಿ(ಸ) ತಡೆದು, ಶರೀರಕ್ಕೂ ಹಕ್ಕಿದೆಯೆಂದು ನೆನಪಿಸಿದರು. ಶರೀರ ನಮ್ಮದಲ್ಲ, ಅಮಾನತ್ತು.

ಆದ್ದರಿಂದ ರೋಗಿಗಳು ರಮಝಾನಿಗೆ ಒಂದೆರಡು ತಿಂಗಳು ಮುಂಚೆಯೇ ವೈದ್ಯರನ್ನು ಕಾಣಲಿ. ವೈದ್ಯರು ಒಪ್ಪಿ ವ್ರತ ಹಿಡಿದವರು ರಕ್ತಪರೀಕ್ಷೆಗೆ ಅಂಜಬೇಕಿಲ್ಲ. ಬೆರಳಿನ ಒಂದು ಹನಿ ರಕ್ತದಿಂದ ವ್ರತ ಮುರಿಯದೆಂದು ವಿದ್ವಾಂಸರು ಹೇಳುತ್ತಾರೆ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ, ಮಗ್ರಿಬ್‌ಗೆ ಹತ್ತೇ ನಿಮಿಷ ಉಳಿದಿದ್ದರೂ, ತಕ್ಷಣ ವ್ರತ ಬಿಡಬೇಕು.

ವ್ರತದ ಗುರಿ ತಕ್ವಾ. ಆರೋಗ್ಯವಂತನು ಅಲ್ಲಾಹನಿಗಾಗಿ ತುತ್ತನ್ನು ಬಿಡುತ್ತಾನೆ. ರೋಗಿಯು ಅವನ ಅಪ್ಪಣೆಯನ್ನು ಗೌರವಿಸಿ ಅದೇ ತುತ್ತನ್ನು ತಿನ್ನುತ್ತಾನೆ. ಇಬ್ಬರೂ ವಿಧೇಯರೇ.